ಹಳೆ ಜೀಪು: ಸರಿಯಾದ ಹತ್ಯಾರಿದ್ದರೆ ಅರ್ಧ ರಿಪೇರಿ ಅಂಗಳದಲ್ಲೇ

ಬೋರ್ಡೋ ಸಿಂಪಡಣೆಗೆ ಹೊರಡುವ ಮೊದಲು ಪಂಪಿನ ವಾಶರ್ ನೋಡದ ಅಡಿಕೆ ಕೃಷಿಕರಿಲ್ಲ. ನಾಝಲ್ ಬಿಚ್ಚಿ ತೊಳೆದು, ಹೋಸಿನ ಕ್ಲಿಪ್ಪು ಬಿಗಿ ಮಾಡಿ, ಒಂದು ಜತೆ ವಾಶರನ್ನು ಕಿಸೆಯಲ್ಲಿ ಹಾಕಿಕೊಂಡೇ ತೋಟಕ್ಕಿಳಿಯುತ್ತೇವೆ. ಮಳೆ ಹೊಳವಾದ ಒಂದು ದಿನ ಕೈತಪ್ಪಿದರೆ ಕೊಳೆರೋಗ ನಮಗಾಗಿ ಕಾದು ಕೂರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಅದೇ ಅಂಗಳದ ಮೂಲೆಯ ಜೀಪಿನ ವಿಚಾರ ಬಂದಾಗ ಮಾತ್ರ "ಸ್ಟಾರ್ಟ್ ಆಗ್ತದಲ್ಲ, ಸಾಕು" ಅಂತ ಸುಮ್ಮನಿರುತ್ತೇವೆ.

ನಮ್ಮ ಮನೆ ಡಾಮರು ರಸ್ತೆಯಿಂದ ಮೂರು ಕಿ.ಮೀ. ಒಳಗೆ. ನಡುವೆ ಎರಡು ಏರು, ಒಂದು ತೋಡು. ಗ್ಯಾರೇಜು ಇರುವುದು ಪೇಟೆಯಲ್ಲಿ, ಅಲ್ಲಿಂದ ಇನ್ನೂ ಹದಿನೆಂಟು ಕಿ.ಮೀ. ಗೊಬ್ಬರ ಬರುವುದು, ಅಡಿಕೆ ಹೋಗುವುದು, ರಾತ್ರಿ ಹೊತ್ತು ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆಗೆ ಹೊರಡುವುದು, ಎಲ್ಲವೂ 1990ರ ದಶಕದ ಒಂದು ಡೀಸೆಲ್ ಜೀಪಿನಲ್ಲೇ. ಮೆಕ್ಯಾನಿಕನ್ನು ಕರೆದರೆ ಅವರಿಗೆ ಪುರುಸೊತ್ತಾಗುವುದು ಮೂರನೇ ದಿನ. ಹೊಸ ಗಾಡಿ ತೆಗೆಯುವಷ್ಟು ತೋಟ ನಮ್ಮದಲ್ಲ. ಹಾಗಾಗಿ ಈ ಹಳೆಯದನ್ನು ನಂಬುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ನಮ್ಮ ಮಟ್ಟಿಗೆ ಹವ್ಯಾಸವಲ್ಲ, ಅಗತ್ಯ.

ಹಲವು ವರ್ಷ ಕೈ ಕಪ್ಪು ಮಾಡಿಕೊಂಡ ಮೇಲೆ ನನಗೆ ಖಚಿತವಾದ ಸಂಗತಿ ಒಂದುಂಟು. ಹಳೆ ಗಾಡಿ ಮುದಿಯಾಗಿ ಹಾಳಾಗುವುದಕ್ಕಿಂತ, ಅಳತೆ ತಪ್ಪಿದ ಸ್ಪಾನರಿನಿಂದ ಹಾಳಾಗುವುದು ಹೆಚ್ಚು. ಮೂಲೆ ಸವೆದ ನಟ್ಟು, ಮರೆ ಹೋದ ಬೋಲ್ಟು, ಇಕ್ಕುಳದಲ್ಲಿ ಹಿಂಡಿದ ಪೈಪು – ಇವೆಲ್ಲ ಗಾಡಿಗೆ ಬಂದ ಕಾಯಿಲೆಯಲ್ಲ, ನಾವು ಕೊಟ್ಟದ್ದು. ಆದ್ದರಿಂದ ಹತ್ಯಾರಿನಿಂದಲೇ ಸುರು ಮಾಡುತ್ತೇನೆ.

ನಟ್ಟುಗಳಲ್ಲಿ ಎರಡು ಜಾತಿ

ನಮ್ಮ ಜೀಪಿನ ಮೂಲ ಅಮೆರಿಕದ ವಿಲ್ಲೀಸ್. ಮಹೀಂದ್ರಾದವರು ಅದನ್ನು ಇಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಗೆ. ಅಮೆರಿಕದ ಅಳತೆ ಇಂಚಿನದು. ಮುಂದೆ ಡೀಸೆಲ್ ಇಂಜಿನ್ ಬಂತು. ಎಂ.ಎಂ. 540ರಂಥ ಜೀಪುಗಳಲ್ಲಿರುವುದು ಫ್ರಾನ್ಸಿನ ಪ್ಯೂಜೋ ವಿನ್ಯಾಸದ ಇಂಜಿನ್. ಅದರ ಅಳತೆ ಮಿಲಿಮೀಟರಿನದು. ಹೀಗಾಗಿ ಒಂದೇ ಜೀಪಿನಲ್ಲಿ ಚಾಸಿ, ಆಕ್ಸಲ್, ಪ್ಲೇಟುಗಳ ಕಡೆ ಇಂಚಿನ ನಟ್ಟು, ಇಂಜಿನ್ನಿನಲ್ಲಿ ಮಿ.ಮೀ. ನಟ್ಟು. ಇಷ್ಟು ವರ್ಷಗಳಲ್ಲಿ ಯಾರ್ಯಾರೋ ಬದಲಿಸಿದ ಬೋಲ್ಟುಗಳೂ ಸೇರಿ ಈಗ ಎರಡು ಜಾತಿಯೂ ಬೆರೆತಿರುತ್ತವೆ.

ಇದನ್ನು ತಿಳಿಯದೆ ಕೈ ಹಾಕಿದರೆ ಏನಾಗ್ತದೆ ನೋಡಿ. ಅರ್ಧ ಇಂಚಿನ ನಟ್ಟು ಅಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪಾನರ್ ಕೂತುಕೊಳ್ಳುತ್ತದೆ. ಆದರೆ ಸಡಿಲ. ನಟ್ಟು ಸುಲಭದ್ದಾದರೆ ಬಿಚ್ಚಿಯೂ ಬರುತ್ತದೆ. ತುಕ್ಕು ಹಿಡಿದದ್ದಾದರೆ ಮೂಲೆ ಸವೆದು ನಟ್ಟು ಗುಂಡಗಾಗುತ್ತದೆ. 7/16 ಇಂಚು ಅಂದರೆ 11.1 ಮಿ.ಮೀ.; 11ರದ್ದು ಹೋಗುವುದಿಲ್ಲ, 12ರದ್ದು ಜಾರುತ್ತದೆ. 9/16 ಅಂದರೆ 14.3, 14 ಹಿಡಿಯದು, 15 ಜಾರುವುದು. 5/8ಕ್ಕೆ 16 ಮಿ.ಮೀ., 3/4ಕ್ಕೆ 19 ಮಿ.ಮೀ. ಮಾತ್ರ ಹೆಚ್ಚುಕಡಿಮೆ ಸರಿಹೊಂದುತ್ತವೆ. ಹಾಗಾಗಿ ಇಂಚಿನಲ್ಲಿ 7/16, 1/2, 9/16 ಈ ಮೂರನ್ನು ಬೇರೆಯಾಗಿ ತೆಗೆದುಕೊಳ್ಳಲೇಬೇಕು. ಮಿಲಿಮೀಟರಿನಲ್ಲಿ 10, 13, 17, 19 ಹೆಚ್ಚು ಬಳಕೆಯವು.

ನಾನು ಮಾಡಿದ ಸಣ್ಣ ಉಪಾಯ: ಇಂಚಿನ ಸ್ಪಾನರುಗಳ ಹಿಡಿಗೆ ಕೆಂಪು ಪೈಂಟು, ಮಿಲಿಮೀಟರಿನವಕ್ಕೆ ಹಸಿರು. ಮಬ್ಬು ಬೆಳಕಿನಲ್ಲೂ ಕೈಗೆ ತಪ್ಪುವುದಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ಒಮ್ಮೆಗೇ ಎಲ್ಲ ಕೊಳ್ಳಬೇಕೆಂದಿಲ್ಲ. ನನ್ನ ಲೆಕ್ಕದಲ್ಲಿ ಕ್ರಮ ಹೀಗೆ:

ಮೊದಲು ರಿಂಗ್ ಸ್ಪಾನರ್ ಸೆಟ್. ಬಾಯಿ ತೆರೆದ ಸ್ಪಾನರ್ ನಟ್ಟಿನ ಎರಡು ಮಗ್ಗುಲನ್ನಷ್ಟೇ ಹಿಡಿಯುತ್ತದೆ. ರಿಂಗ್ ಸ್ಪಾನರ್ ಸುತ್ತಲೂ ಹಿಡಿಯುತ್ತದೆ. ಬಿಗಿ ಸಡಿಲಿಸಲು ರಿಂಗ್, ಆಮೇಲೆ ಬೇಗ ತಿರುಗಿಸಲು ಬಾಯಿ ಸ್ಪಾನರ್ ಎಂಬ ಕ್ರಮ ಒಳ್ಳೆಯದು. ಸ್ಕ್ರೂ ಸ್ಪಾನರ್ ನೀರಿನ ಪೈಪಿನ ಕೆಲಸಕ್ಕೆ ಇರಲಿ, ಜೀಪಿನ ಹತ್ತಿರ ತರುವುದು ಬೇಡ.

ಎರಡನೆಯದು ಅರ್ಧ ಇಂಚು ಚೌಕದ ಸಾಕೆಟ್ ಸೆಟ್, ಉದ್ದದ ಹಿಡಿ ಮತ್ತು ರಾಚೆಟ್. ಬಿಗಿಯಾದ ನಟ್ಟಿಗೆ ಉದ್ದದ ಹಿಡಿಯನ್ನೇ ಬಳಸಬೇಕು. ರಾಚೆಟ್ಟಿಗೆ ಪೈಪು ಸಿಕ್ಕಿಸಿ ತುಳಿದರೆ ಒಳಗಿನ ಹಲ್ಲು ಹೋಗುತ್ತದೆ.

ಮೂರನೆಯದು ಗ್ರೀಸ್ ಗನ್. ನಾಲ್ಕನೆಯದು ಬಾಟ್ಲಿ ಜಾಕ್, ಅದರ ಜತೆಗೆ ಎರಡು ಗಟ್ಟಿ ಸ್ಟ್ಯಾಂಡು. ಇವೆರಡನ್ನು ಬೇರೆ ಬೇರೆಯಾಗಿ ಯೋಚಿಸಲೇಬಾರದು. ಮತ್ತೆ ಟಯರಿನ ಗಾಳಿ ನೋಡುವ ಗೇಜು, ಬ್ಯಾಟರಿ ನೀರಿನ ಸಾಂದ್ರತೆ ನೋಡುವ ಹೈಡ್ರೋಮೀಟರು, ಒಂದು ಟೆಸ್ಟ್ ಲ್ಯಾಂಪು, ತಂತಿ ಬ್ರಶ್ಶು. ಟೆಸ್ಟ್ ಲ್ಯಾಂಪನ್ನು ಹಳೆಯ 12 ವೋಲ್ಟಿನ ಬಲ್ಬಿಗೆ ಎರಡು ವಯರು ಬೆಸೆದು ಮನೆಯಲ್ಲೇ ಮಾಡಿಕೊಳ್ಳಬಹುದು.

ಅಗ್ಗದ ಸ್ಪಾನರ್ ನಾಲ್ಕು ಸಲದ ನಂತರ ಬಾಯಿ ಅಗಲಿಸುತ್ತದೆ. ಸಂತೆಯ ಕತ್ತಿಗೂ ಊರ ಆಚಾರಿ ಬಡಿದ ಕತ್ತಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ. ಹತ್ತು ಹಾಳಿನ ಬದಲು ಮೂರು ಒಳ್ಳೆಯದು ತಗೊಳ್ಳಿ.

ಬಿಚ್ಚಿದ ಬಿಡಿಭಾಗ ಇಡಲು ತಟ್ಟೆ ಹುಡುಕಬೇಕಾಗಿಲ್ಲ, ಅಡಿಕೆ ಹಾಳೆ ಉಂಟಲ್ಲ! ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟರೆ, ಜೋಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಸಣ್ಣ ಸ್ಕ್ರೂಗಳಿಗೆ ಗೆರಟೆ.

ಅಡಿಗೆ ನುಗ್ಗುವ ಮೊದಲು

ಇದು ಜೀವದ ವಿಚಾರ, ದಯವಿಟ್ಟು ಹಾರಿಸಿ ಓದಬೇಡಿ.

ಜಾಕ್ ಎತ್ತಲಿಕ್ಕೆ ಮಾತ್ರ ಇರುವುದು, ಹೊತ್ತು ನಿಲ್ಲಲಿಕ್ಕಲ್ಲ. ಬಾಟ್ಲಿ ಜಾಕಿನ ಒಳಗೆ ಭಾರ ಹಿಡಿಯುವುದು ಎಣ್ಣೆ. ಆ ಎಣ್ಣೆಯನ್ನು ಹಿಡಿದಿಡುವುದು ಒಂದು ರಬ್ಬರ್ ಸೀಲು. ಸೀಲು ಸೋತರೆ ಗಾಡಿ ಕೆಳಗೆ. ಎತ್ತಿದ ಕೂಡಲೇ ಸ್ಟ್ಯಾಂಡು ಕೊಟ್ಟು, ಭಾರವನ್ನು ಅದರ ಮೇಲೆ ಇಳಿಸಿ, ಗಾಡಿಯನ್ನು ಅಲ್ಲಾಡಿಸಿ ನೋಡಿಯೇ ಅಡಿಗೆ ಹೋಗಬೇಕು.

ನಮ್ಮಲ್ಲಿ ಸ್ಟ್ಯಾಂಡಿನ ಬದಲು ಕೆಂಪುಕಲ್ಲು ಇಡುವ ಅಭ್ಯಾಸ ಉಂಟು. ಗೋಡೆಯಲ್ಲಿ ಕೆಂಪುಕಲ್ಲು ಗಟ್ಟಿ, ಯಾಕೆಂದರೆ ಅಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹರಡುತ್ತದೆ. ಆಕ್ಸಲಿನ ಭಾರ ಒಂದೇ ಜಾಗಕ್ಕೆ ಬಿದ್ದರೆ ಅದು ಮುನ್ಸೂಚನೆ ಕೊಡದೆ ಹೋಳಾಗುತ್ತದೆ. ಸಿಮೆಂಟಿನ ಪೊಳ್ಳು ಇಟ್ಟಿಗೆಯೂ ಅಷ್ಟೇ. ಸ್ಟ್ಯಾಂಡು ಇಲ್ಲದಿದ್ದರೆ ಗಟ್ಟಿ ಮರದ ದಪ್ಪ ತುಂಡುಗಳನ್ನು ಅಡ್ಡಡ್ಡ ಪೇರಿಸಿ ಅಟ್ಟಣೆ ಮಾಡಿ. ಮರ ಸೋಲುವ ಮೊದಲು ಸದ್ದು ಮಾಡುತ್ತದೆ, ಕಲ್ಲು ಮಾಡುವುದಿಲ್ಲ. ಮಣ್ಣಿನ ಅಂಗಳವಾದರೆ ಜಾಕಿನ ಅಡಿಗೆ ಅಗಲದ ಹಲಗೆ ಬೇಕು.

ಇನ್ನೊಂದು ಸೂಕ್ಷ್ಮ. ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕು ಚಕ್ರವನ್ನು ಹಿಡಿಯುವುದಲ್ಲ, ಗೇರ್‌ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವುದು. ಹಿಂದಿನ ಒಂದು ಚಕ್ರ ಎತ್ತಿದಿರಿ ಅಂತಿಟ್ಟುಕೊಳ್ಳಿ. ಶಾಫ್ಟು ನಿಂತಿದ್ದರೂ ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಚಕ್ರ ಒಂದು ಕಡೆ, ನೆಲದ ಚಕ್ರ ಇನ್ನೊಂದು ಕಡೆ ತಿರುಗಬಹುದು. ಅಂದರೆ ಹ್ಯಾಂಡ್‌ಬ್ರೇಕು ಹಾಕಿದ್ದರೂ ಗಾಡಿ ಜಾರೀತು. ಗೇರಿನಲ್ಲಿಟ್ಟರೂ ಅದೇ ಕಥೆ. ಆದುದರಿಂದ ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಬದಿಗೆ ಕಟ್ಟೆ ಕೊಡಲೇಬೇಕು. ಸಮತಟ್ಟು ಜಾಗ ಬಿಟ್ಟು ಬೇರೆಲ್ಲೂ ಎತ್ತಬೇಡಿ.

ಚಕ್ರದ ನಟ್ಟನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ಕೆಲವು ಹಳೆಯ ಜೀಪುಗಳಲ್ಲಿ ಎಡಬದಿಯ ಚಕ್ರಗಳಿಗೆ ಎಡಮರೆಯ ನಟ್ಟು ಇರುತ್ತದೆ. ಅದನ್ನು ಬಿಚ್ಚುವುದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಬರುವುದಿಲ್ಲ ಅಂತ ತುಳಿದು ಸ್ಟಡ್ಡು ಮುರಿಯುವ ಮೊದಲು ಇದನ್ನು ನೋಡಿಕೊಳ್ಳಿ.

ತುಕ್ಕು ಹಿಡಿದ ಬೋಲ್ಟಿಗೆ ತಾಳ್ಮೆಯೇ ಮದ್ದು

ಆರು ತಿಂಗಳು ಮಳೆ ತಿಂದ ಬೋಲ್ಟು ಒಂದೇ ಏಟಿಗೆ ಬರಬೇಕು ಅಂದರೆ ಹೇಗೆ? ನಾನು ಕೆಲಸದ ಮುನ್ನಾ ದಿನ ಸಾಯಂಕಾಲವೇ ತಂತಿ ಬ್ರಶ್ಶಿನಿಂದ ಮರೆ ಉಜ್ಜಿ, ಡೀಸೆಲಿಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಹನಿ ಹನಿಯಾಗಿ ಬಿಡುತ್ತೇನೆ. ಬೆಳಿಗ್ಗೆ ಇನ್ನೊಮ್ಮೆ. ಆಮೇಲೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹಗುರವಾಗಿ ನಾಲ್ಕು ಪೆಟ್ಟು. ರಿಂಗ್ ಸ್ಪಾನರ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ, ಮತ್ತೆ ಬಿಚ್ಚುವ ಕಡೆಗೆ. ತುಕ್ಕಿನ ಪದರ ಒಡೆಯುವುದು ಹೀಗೆ. ಅರ್ಧ ಸುತ್ತು ಬಂದರೆ ಕಾಲು ಸುತ್ತು ಹಿಂದೆ ಹೋಗಿ, ಎಣ್ಣೆ ಬಿಟ್ಟು, ಮತ್ತೆ ಮುಂದೆ.

ಜೋಡಿಸುವಾಗ ಮರೆಗೆ ಒಂದು ಚೂರು ಗ್ರೀಸ್ ಸವರಿದರೆ ಮುಂದಿನ ಸಲ ಈ ತಾಪತ್ರಯ ಇಲ್ಲ. ಚಕ್ರದ ಸ್ಟಡ್ಡು ಮತ್ತು ಬ್ರೇಕಿನ ಒಳಭಾಗಕ್ಕೆ ಮಾತ್ರ ಇದು ಬೇಡ.

ತಿಂಗಳಿಗೊಂದು ಬೆಳಿಗ್ಗೆ

ತಿಂಗಳಿಗೆ ಎರಡು ಗಂಟೆ ಸಾಕು. ಇಂಜಿನ್ ತಣ್ಣಗಿರುವಾಗ ಡಿಪ್ ಸ್ಟಿಕ್ಕು ಎಳೆದು ಆಯಿಲ್ ನೋಡಿ. ಕಪ್ಪಾಗಿದ್ದರೆ ಹೆದರಬೇಕಿಲ್ಲ, ಡೀಸೆಲ್ ಇಂಜಿನ್ನಿನ ಆಯಿಲ್ ಬೇಗ ಕಪ್ಪಾಗುವುದು ಸಹಜ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಒಳಗೆ ನೀರು ಸೇರಿದೆ ಅಂತ ಅರ್ಥ. ಮತ್ತೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕಿಗೆ ತಿಳಿಸಿ.

ಆಯಿಲ್ ಬದಲಾವಣೆಯನ್ನು ಬರೀ ಕಿಲೋಮೀಟರಿನ ಮೇಲೆ ಲೆಕ್ಕ ಹಾಕುವುದು ನಮ್ಮಂಥವರಿಗೆ ಸರಿಯಾಗದು. ತೋಟದಿಂದ ಡಿಪ್ಪೋ, ಡಿಪ್ಪೋದಿಂದ ಮನೆ – ಗಾಡಿ ಓಡುವುದೇ ಅಷ್ಟು. ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಬಂದ್ ಆಗುತ್ತದೆ. ಆಯಿಲಿಗೆ ಸೇರಿದ ತೇವ, ಮಸಿ ಅಲ್ಲೇ ಉಳಿಯುತ್ತದೆ. ನಾನು ಕಿಲೋಮೀಟರು ಎಷ್ಟೇ ಆಗಿರಲಿ, ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಒಟ್ಟಿಗೆ ಬದಲಿಸುತ್ತೇನೆ. ಗಾಡಿ ಹೆಚ್ಚು ಓಡುವವರು ಅದರ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ಮೊದಲೇ ಬದಲಿಸಬೇಕು. ತೆಗೆದ ಆಯಿಲನ್ನು ತೋಟಕ್ಕಾಗಲಿ ತೋಡಿಗಾಗಲಿ ಚೆಲ್ಲಬೇಡಿ. ಕ್ಯಾನಿನಲ್ಲಿ ತುಂಬಿಸಿಟ್ಟು ಗ್ಯಾರೇಜಿನ ಹಳೆ ಆಯಿಲಿನ ಬ್ಯಾರಲಿಗೆ ಕೊಡಿ. ಬರಿ ಕೈಗೆ ಅದು ತಾಗುವುದೂ ಒಳ್ಳೆಯದಲ್ಲ.

ಎಣ್ಣೆ ತಟ್ಟೆಯ ಏರ್ ಕ್ಲೀನರ್ ಇರುವ ಗಾಡಿಯಾದರೆ ಬೇಸಗೆಯಲ್ಲಿ ಅದನ್ನು ಮರೆಯಬೇಡಿ. ತಟ್ಟೆಯ ತಳದಲ್ಲಿ ಕೆಸರು ಕೂತಿದ್ದರೆ ಸೀಮೆಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು, ಹೊಸ ಆಯಿಲನ್ನು ಗುರುತಿನವರೆಗೆ ಮಾತ್ರ ಹಾಕಿ. ಜಾಸ್ತಿ ಇದ್ದರೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯದು. ಹೆಚ್ಚಾದ ಆಯಿಲನ್ನು ಇಂಜಿನ್ ಎಳೆದುಕೊಂಡರೆ ಅದನ್ನೇ ಸುಟ್ಟು ಹಿಡಿತ ತಪ್ಪಿ ಓಡಬಹುದು.

ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆಟ್ಟಿನಿಂದ ಒತ್ತಿ. ಸುಮಾರು ಅರ್ಧ ಇಂಚು ಬಗ್ಗಿದರೆ ಸರಿ. ರೇಡಿಯೇಟರಿನ ಎಡೆಗಳಲ್ಲಿ ಹುಲ್ಲಿನ ಬೀಜ, ಕಸ ಸೇರಿಕೊಂಡಿದ್ದರೆ ಇಂಜಿನ್ನಿನ ಬದಿಯಿಂದ ಹೊರಮುಖವಾಗಿ ನೀರು ಬಿಡಿ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಬೇಡಿ.

ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಕಾರಣ ಸುಲಭ: ಗಾಡಿಯ ಮೈಯೇ ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಸ್ಪಾನರ್ ಮೈಗೆ ತಾಗಿದರೆ ಬೆಂಕಿ ಹಾರುತ್ತದೆ, ಬ್ಯಾಟರಿಯ ಗ್ಯಾಸಿಗೆ ಆ ಕಿಡಿ ಸಾಕು. ಟರ್ಮಿನಲ್ಲಿನಲ್ಲಿ ಬಿಳಿ-ಹಸಿರು ಹುಡಿ ಬಂದಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒಣಗಿಸಿ, ಜೋಡಿಸಿದ ಮೇಲೆ ವ್ಯಾಸಲಿನ್ ಸವರಿ. ಹೈಡ್ರೋಮೀಟರಿನಲ್ಲಿ 1.260ರ ಮೇಲಿದ್ದರೆ ಬ್ಯಾಟರಿ ತುಂಬಿದೆ, 1.200ಕ್ಕೆ ಇಳಿದಿದ್ದರೆ ಚಾರ್ಜು ಬೇಕು. ಒಂದು ಕೋಣೆ ಮಾತ್ರ ಉಳಿದವುಗಳಿಗಿಂತ ತುಂಬ ಕೆಳಗಿದ್ದರೆ ಬ್ಯಾಟರಿಯ ಆಯುಸ್ಸು ಮುಗಿಯುತ್ತಾ ಬಂತು ಅಂತ ಲೆಕ್ಕ.

ಕೊನೆಗೆ ಗ್ರೀಸ್. ನಿಪ್ಪಲನ್ನು ಮೊದಲು ಬಟ್ಟೆಯಲ್ಲಿ ಒರಸಬೇಕು, ಇಲ್ಲದಿದ್ದರೆ ಗ್ರೀಸಿನ ಜತೆ ಮಣ್ಣನ್ನೂ ಒಳಗೆ ತಳ್ಳಿದ ಹಾಗೆ. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸತು ಕಾಣುವವರೆಗೆ ಒತ್ತಿ.

ಬ್ರೇಕು: ಇಲ್ಲಿ ಉಳಿತಾಯ ಬೇಡ

ಇಂಜಿನ್ ನಿಂತರೆ ಗಾಡಿ ನಿಲ್ಲುತ್ತದೆ. ಬ್ರೇಕು ಹೋದರೆ ನಿಲ್ಲುವುದಿಲ್ಲ. ಅಡಿಕೆ ಮೂಟೆ ಹೇರಿ ಇಳಿಜಾರು ಇಳಿಯುವವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಬ್ರೇಕ್ ಆಯಿಲಿಗೆ ಒಂದು ಗುಣ ಉಂಟು, ಅದು ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಳೆಗಾಲವೋ, ಒಣಗಲು ಹಾಕಿದ ಬಟ್ಟೆಗೇ ಬೂಸ್ಟು ಹಿಡಿಯುವಂಥದ್ದು. ಹೀರಿದ ನೀರು ಎರಡು ಕೆಡುಕು ಮಾಡುತ್ತದೆ. ಸಿಲಿಂಡರಿನ ಒಳಗೆ ತುಕ್ಕು ಹಿಡಿಸುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕು ಕಾದಾಗ ಕುದಿದು ಆವಿಯಾಗುತ್ತದೆ. ಆವಿ ಅಂದರೆ ಗಾಳಿಯ ಹಾಗೆ, ಒತ್ತಿದರೆ ಕುಗ್ಗುತ್ತದೆ. ಪೆಡಲು ನೆಲಕ್ಕೆ ಹೋಗುತ್ತದೆ, ಗಾಡಿ ಮುಂದೆ ಹೋಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸಿ. ಮೊಹರು ಒಡೆದು ವರ್ಷವಾದ ಡಬ್ಬಿಯಲ್ಲಿ ಉಳಿದದ್ದನ್ನು ಹಾಕಬೇಡಿ.

ಬ್ರೇಕಿನ ಗಾಳಿ ತೆಗೆಯಲು ಇಬ್ಬರು ಬೇಕು. ನಮ್ಮಲ್ಲಿ ಪೆಡಲಿನ ಮೇಲೆ ಮಗಳು, ಚಕ್ರದ ಹತ್ತಿರ ನಾನು. ಬ್ಲೀಡರ್ ನಿಪ್ಪಲಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟ್ಲಿಯಲ್ಲಿ ಮುಳುಗಿಸಬೇಕು. ಅವಳು ಪೆಡಲು ಒತ್ತಿ "ಒತ್ತಿದೆ ಅಪ್ಪಾ" ಅಂದಾಗ ನಾನು ನಿಪ್ಪಲು ಸಡಿಲಿಸುತ್ತೇನೆ, ಗುಳ್ಳೆ ಬರುತ್ತದೆ. ನಿಪ್ಪಲು ಬಿಗಿ ಮಾಡಿ "ಬಿಡು" ಅಂದ ಮೇಲೆಯೇ ಅವಳು ಕಾಲು ತೆಗೆಯುವುದು. ಈ ಕ್ರಮ ತಪ್ಪಿದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಸುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಡುನಡುವೆ ಮೇಲಿನ ಡಬ್ಬಿಗೆ ಆಯಿಲ್ ತುಂಬಿಸುತ್ತಾ ಇರಬೇಕು, ಖಾಲಿಯಾಗಲು ಬಿಟ್ಟರೆ ಮೊದಲಿಂದ ಮಾಡಬೇಕು.

ಬ್ರೇಕಿನ ರಬ್ಬರಿಗೆ ಡೀಸೆಲ್, ಸೀಮೆಣ್ಣೆ, ಇಂಜಿನ್ ಆಯಿಲ್ – ಯಾವುದೂ ತಾಗಬಾರದು. ರಬ್ಬರ್ ಉಬ್ಬಿ ಬ್ರೇಕು ಹಿಡಿದುಕೊಳ್ಳುತ್ತದೆ. ತೊಳೆಯುವುದಾದರೆ ಹೊಸ ಬ್ರೇಕ್ ಆಯಿಲಿನಲ್ಲೇ. ಚಕ್ರದ ಒಳಮಗ್ಗುಲಲ್ಲಿ ಒದ್ದೆ ಕಂಡರೆ ಸಿಲಿಂಡರ್ ಸೋರುತ್ತಿದೆ, ಆ ದಿನವೇ ಗಾಡಿ ನಿಲ್ಲಿಸಿ. ಡ್ರಮ್ಮಿನ ಒಳಗಿನ ಹುಡಿಯನ್ನು ಬಾಯಿಂದ ಊದಬೇಡಿ, ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರಸಿ.

ಡೀಸೆಲಿನಲ್ಲಿ ಗಾಳಿ ಸೇರಿದರೆ

ಡೀಸೆಲ್ ಖಾಲಿಯಾಗಿ ನಿಂತ ಜೀಪು, ಡೀಸೆಲ್ ಹಾಕಿದ ಮೇಲೂ ಸ್ಟಾರ್ಟ್ ಆಗುವುದಿಲ್ಲ. ಕಾರಣ ನಳಿಗೆಯಲ್ಲಿ ಗಾಳಿ. ಪಂಪ್‌ಸೆಟ್ಟಿನ ಫುಟ್‌ವಾಲ್ವು ಸೋರಿದರೆ ನೀರು ಎತ್ತದು ಅಲ್ವಾ, ಹಾಗೆಯೇ ಇದು. ಬ್ಯಾಟರಿ ಮುಗಿಯುವವರೆಗೆ ಸೆಲ್ಫ್ ಹೊಡೆದರೆ ಪ್ರಯೋಜನ ಇಲ್ಲ. ಡೀಸೆಲ್ ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಪಂಪನ್ನು ಒತ್ತುತ್ತಾ ಇರಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಇಂಜೆಕ್ಷನ್ ಪಂಪಿನ ಬ್ಲೀಡ್ ಸ್ಕ್ರೂವಿಗೂ ಇದೇ ಕ್ರಮ.

ಒಂದು ಎಚ್ಚರಿಕೆ. ಇಂಜಿನ್ ತಿರುಗುವಾಗ ಇಂಜೆಕ್ಟರಿನ ನಳಿಗೆಯ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ. ಆ ಒತ್ತಡದ ಡೀಸೆಲ್ ಸೂಜಿಯ ಹಾಗೆ ಚರ್ಮದ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತೋಡು ದಾಟುವ ಜೀಪಿಗೆ

ಓಡಿ ಬಂದು ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಅದರ ಉಸಿರು ನಳಿಗೆ ಕಟ್ಟಿದ್ದರೆ ಸೀಲಿನ ಮೂಲಕ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದ ಮೊದಲು ಆ ನಳಿಗೆಯ ಮಣ್ಣು ತೆಗೆಯಿರಿ. ಮಳೆ ಮುಗಿದ ಮೇಲೆ, ಗಾಡಿ ರಾತ್ರಿಯಿಡೀ ನಿಂತ ಬೆಳಿಗ್ಗೆ, ಅಡಿಯ ಡ್ರೈನ್ ಬೋಲ್ಟನ್ನು ಸ್ವಲ್ಪ ಸಡಿಲಿಸಿ ನೋಡಿ. ನೀರು ಆಯಿಲಿಗಿಂತ ಭಾರ, ಇದ್ದರೆ ಮೊದಲು ಅದೇ ಬರುತ್ತದೆ. ಆಯಿಲೇ ಬೆಳ್ಳಗಾಗಿದ್ದರೆ ಪೂರ್ತಿ ಬದಲಿಸಬೇಕು. ತೋಡು ದಾಟಿದ ಕೂಡಲೇ ನಿಧಾನವಾಗಿ ಹೋಗುತ್ತಾ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿಕೊಳ್ಳುವುದನ್ನೂ ಮರೆಯಬಾರದು.

ಅಡಿಕೆ ಕೃಷಿಕರಿಗೆ ಇನ್ನೊಂದು ಮಾತು. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಅದರ ಚೀಲವನ್ನು ಜೀಪಿನಲ್ಲಿ ತಂದ ದಿನ ಹಿಂದಿನ ತಳವನ್ನು ಚೆನ್ನಾಗಿ ತೊಳೆದುಬಿಡಿ. ರಸಗೊಬ್ಬರಕ್ಕೂ ಅದೇ ನಿಯಮ. ಹಳೆ ಜೀಪುಗಳ ತಳ ತೂತಾಗುವುದಕ್ಕೆ ಮಳೆಯ ಜತೆ ಇವುಗಳದ್ದೂ ಪಾಲುಂಟು.

ಕೈ ಹಾಕಬಾರದ ಜಾಗ

ಇಂಜೆಕ್ಷನ್ ಪಂಪು, ಇಂಜೆಕ್ಟರಿನ ಒತ್ತಡ, ಸಿಲಿಂಡರ್ ಹೆಡ್ಡು, ಗೇರ್‌ಬಾಕ್ಸಿನ ಒಳಗು – ಇವು ನಮ್ಮ ಅಂಗಳದ ಕೆಲಸಗಳಲ್ಲ. ಪಂಪಿಗೆ ಪರೀಕ್ಷಾ ಯಂತ್ರ ಬೇಕು. ಹೆಡ್ಡಿನ ಬೋಲ್ಟುಗಳನ್ನು ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಲದಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಅಂದಾಜಿಗೆ ಬಿಗಿದರೆ ಗ್ಯಾಸ್ಕೆಟ್ಟು ಹೋಗುತ್ತದೆ. ವರ್ಷಕ್ಕೊಮ್ಮೆ ಒಳ್ಳೆಯ ಮೆಕ್ಯಾನಿಕಿಗೆ ಇಡೀ ಗಾಡಿಯನ್ನು ತೋರಿಸುವುದನ್ನೂ ಬಿಡಬೇಡಿ. ಮನೆಯ ಆರೈಕೆ ಇರುವುದು ಅವರನ್ನು ತಪ್ಪಿಸಲಿಕ್ಕಲ್ಲ. ಏನಾಗಿದೆ, ಯಾವಾಗಿನಿಂದ, ಯಾವ ಸದ್ದು ಎಂದು ಸರಿಯಾಗಿ ಹೇಳುವ ಗಿರಾಕಿಯ ಗಾಡಿ ಬೇಗ ಸರಿಯಾಗುತ್ತದೆ, ಬಿಲ್ಲೂ ಕಡಿಮೆಯಾಗುತ್ತದೆ.

ಅದಕ್ಕೊಂದು ಪುಸ್ತಕ ಬೇಕು. ಸಿಂಪಡಣೆಯ ದಿನ ಬರೆದಿಡುವ ಹಾಗೆ ದಿನಾಂಕ, ಮೀಟರ್, ಮಾಡಿದ ಕೆಲಸ, ಹಾಕಿದ ಭಾಗ ಬರೆದಿಡಿ. ನೋಂದಣಿ ನವೀಕರಣದ ಹೊತ್ತಿಗೂ ಇದು ಉಪಯೋಗ. ಸ್ವಂತದ ಗಾಡಿಗೆ 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಣ, ಜತೆಗೆ ತಪಾಸಣೆ. ಕಾರು-ಜೀಪುಗಳ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂ.ನಿಂದ 5,000 ರೂ.ಗೆ ಏರಿತು, 20 ವರ್ಷ ದಾಟಿದವುಗಳಿಗೆ 2025ರಲ್ಲಿ ಮತ್ತೆ ಏರಿಸಿದರು. ಇಷ್ಟು ಕಟ್ಟಿದ ಮೇಲೆ ಬ್ರೇಕಿಗೋ ಹೊಗೆಗೋ ಗಾಡಿ ಫೇಲಾದರೆ ಯಾರಿಗೆ ನಷ್ಟ?

ನಾಲ್ಕು ಮನೆಗೆ ಒಂದು ಪೆಟ್ಟಿಗೆ

ಸ್ಪಾನರ್ ಸೆಟ್, ಗ್ರೀಸ್ ಗನ್, ಜಾಕ್ ಮನೆಮನೆಗೆ ಬೇಕು. ಆದರೆ ಟಾರ್ಕ್ ರೆಂಚು, ಬೇರಿಂಗ್ ಎಳೆಯುವ ಪುಲ್ಲರ್, ಬ್ಯಾಟರಿ ಚಾರ್ಜರ್ ವರ್ಷಕ್ಕೆ ಎರಡು ದಿನದ ಕೆಲಸದವು. ನಮ್ಮ ಬೈಲಿನಲ್ಲಿ ನಾಲ್ಕು ಮನೆಯವರು ಸೇರಿ ಇವನ್ನು ತಂದು ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಕೊಂಡುಹೋದವರು ಪುಸ್ತಕದಲ್ಲಿ ಬರೆಯುವುದು, ಒರಸಿ ಎಣ್ಣೆ ಹಚ್ಚಿ ವಾಪಸು ಇಡುವುದು. ನಿಯಮ ಇಷ್ಟೇ. ಪೆಟ್ಟಿಗೆ ಬಂದ ಮೇಲೆ ಹತ್ಯಾರಿನ ಜತೆ ಕೆಲಸವೂ ಕೈಯಿಂದ ಕೈಗೆ ದಾಟುತ್ತಿದೆ. ಒಬ್ಬರ ಬ್ರೇಕ್ ಬಿಚ್ಚುವಾಗ ಇನ್ನಿಬ್ಬರು ಬಂದು ನೋಡುತ್ತಾರೆ, ಹುಡುಗರೂ ಕಲಿಯುತ್ತಾರೆ.

ಹೊಸದಾಗಿ ಸುರು ಮಾಡುವವರು ಈ ಆದಿತ್ಯವಾರ ಜೀಪಿನ ಸುತ್ತ ಒಂದು ಸುತ್ತು ಬನ್ನಿ. ಯಾವ ನಟ್ಟು ಯಾವ ಅಳತೆಯದ್ದು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಏನನ್ನೂ ಬಿಚ್ಚಬೇಡಿ. ಪೇಟೆಗೆ ಹೋದಾಗ ಆ ಪಟ್ಟಿಯ ಪ್ರಕಾರವೇ ಸ್ಪಾನರ್ ತನ್ನಿ. ತುಕ್ಕು ಬಿಡಿಸಲು, ಗ್ರೀಸ್ ಕೊಡಲು ಇದಕ್ಕಿಂತ ಸುಲಭದ ದಾರಿ ಕಂಡುಕೊಂಡವರು ಪತ್ರಿಕೆಗೆ ಬರೆಯಿರಿ. ಹಳೆ ಜೀಪು ಇಟ್ಟುಕೊಂಡ ನಮಗೆಲ್ಲ ಅದು ಉಪಕಾರ.